ಭೂಮಿ ಬೇಡವೆಂದರೆ

ಕಪಿಲಾ ನದಿಯ ದಡದಲ್ಲಿ ತಿರುಮಲಮ್ಮ ಎಂಬ ಗುರು ಇದ್ದರು. ಮಕ್ಕಳಿಗೆ ನಾಟ್ಯ ಕಲಿಸುತ್ತಿದ್ದರು. ದೊಡ್ಡವರು ಚಿಕ್ಕವರು ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು.

ಅವರದೊಂದು ಹೆಂಚಿನ ಚಾವಡಿ. ನೆಲಕ್ಕೆ ಕಲ್ಲು ಹಾಸಿರಲಿಲ್ಲ. ಮಣ್ಣು ತುಂಬಿ, ಬಡಿದು, ಸಗಣಿ ಸಾರಿಸಿದ ನೆಲ. ಕಲ್ಲಿನ ಮೇಲೆ ಕುಣಿದರೆ ಹೆಜ್ಜೆಯ ಸದ್ದು ಚೆನ್ನಾಗಿ ಕೇಳುತ್ತದೆ, ಆದರೆ ಪೆಟ್ಟು ಮಂಡಿಗೆ ಬೀಳುತ್ತದೆ. ಮಣ್ಣಾದರೆ ಅರ್ಧ ಪೆಟ್ಟನ್ನು ತಾನೇ ತಿನ್ನುತ್ತದೆ. ಅದಕ್ಕೇ ಮಣ್ಣು.

ಮೂಲೆಯಲ್ಲಿ ಒಂದು ನೀರಿನ ಮಡಕೆ. ಬಾಯಾರಿದವರು ಪಾಠದ ನಡುವೆ ಯಾವಾಗ ಬೇಕಾದರೂ ಎದ್ದು ಹೋಗಿ ಕುಡಿಯಬಹುದು, ಯಾರನ್ನೂ ಕೇಳಬೇಕಿಲ್ಲ.

ಎದುರಿಗೆ ಒಂದು ಎತ್ತರದ ಮರದ ಪೀಠ. ತಿರುಮಲಮ್ಮ ಯಾವಾಗಲೂ ಅದರ ಮೇಲೆಯೇ ಕೂರುತ್ತಿದ್ದರು. ಅವರು ನೆಲಕ್ಕೆ ಕೂತದ್ದನ್ನು ಕಂಡವರಿಲ್ಲ. ಅದು ಗುರುವಿನ ಗತ್ತು ಎಂದು ಶಿಷ್ಯರು ತಿಳಿದಿದ್ದರು. ಗತ್ತಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಪೀಠದ ಮುಂದೆ ಹಲಸಿನ ಮರದ ಒಂದು ಮಣೆ, ಮಣೆಯ ಮೇಲೆ ಒಂದು ಕೋಲು. ಕೋಲಿನಿಂದ ಮಣೆ ತಟ್ಟಿದರೆ ತಾಳ. ಆ ತಾಳಕ್ಕೆ ಮಕ್ಕಳು ಹೆಜ್ಜೆ ಹಾಕಬೇಕು. ಕೋಲು ಯಾರ ಕೈಯಲ್ಲಿದೆಯೋ ಪಾಠ ಅವರದು. ಈ ಕಥೆಯಲ್ಲಿ ಆ ಕೋಲಿನ ಮೇಲೆ ಒಬ್ಬಳ ಕಣ್ಣಿತ್ತು. ಅವಳ ಹೆಸರು ಕುಮುದಿನಿ.

ಕುಮುದಿನಿ ಹತ್ತು ವರ್ಷದವಳಿದ್ದಾಗ ಬಂದವಳು. ಈಗ ಇಪ್ಪತ್ತು. ಬೆಳಿಗ್ಗೆ ಚಾವಡಿ ಗುಡಿಸುವವಳು ಅವಳೇ, ಸಂಜೆ ದೀಪ ಹಚ್ಚುವವಳು ಅವಳೇ. ಅವಳ ಹೆಜ್ಜೆ ಗೆರೆ ಎಳೆದ ಹಾಗೆ.

ತಿರುಮಲಮ್ಮ ಯಾರನ್ನೂ ಹೊಗಳುವವರಲ್ಲ. ತಪ್ಪಿದರೆ "ಇನ್ನೊಂದು ಸಲ" ಅನ್ನುವರು. ತೀರಾ ಮನಸ್ಸಿಗೆ ಬಂದರೆ "ಹೂಂ" ಅನ್ನುವರು. ಅಷ್ಟೇ.

ಹತ್ತು ವರ್ಷದಲ್ಲಿ ಕುಮುದಿನಿಗೆ ನಾಲ್ಕು ಹೂಂ ಸಿಕ್ಕಿದ್ದವು. ಒಂದೊಂದೂ ಯಾವ ದಿನ, ಯಾವ ಹೆಜ್ಜೆಗೆ ಎಂಬುದು ಅವಳಿಗೆ ಬಾಯಿಪಾಠ. ನಾಲ್ಕನೆಯದು ಸಿಕ್ಕಿ ಮೂರು ವರ್ಷವಾಗಿತ್ತು.

ಹೀಗಿರುವಾಗ ದೇವೀರಿ ಬಂದಳು.

ದೇವೀರಿ ಆಚೆ ದಡದ ಬೆಸ್ತರ ಹುಡುಗಿ. ಹತ್ತು ವರ್ಷ. ಅಪ್ಪ ಹರಿಗೋಲು ಹಾಕಿ ಜನರನ್ನು ದಾಟಿಸುವವನು. ಹರಿಗೋಲೆಂದರೆ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ದುಂಡು ದೋಣಿ. ನೀರಿನ ಮೇಲೆ ಗಿರಗಿರನೆ ತಿರುಗುತ್ತದೆ. ಈ ಹುಡುಗಿ ಅದರಲ್ಲಿ ಕೂರದೆ ನಿಂತುಕೊಂಡೇ ಬರುತ್ತಿದ್ದಳು.

ನಾಟ್ಯ ಕಲಿಯುವವರಲ್ಲಿ ಒಂದು ಪದ್ಧತಿಯಿದೆ. ಹೆಜ್ಜೆ ಹಾಕುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. "ತಾಯಿ, ನಿನ್ನನ್ನು ತುಳಿಯುತ್ತೇನೆ, ಅಪ್ಪಣೆ ಕೊಡು" ಎಂದು ಕೇಳಬೇಕು. ಭೂಮಿಯನ್ನು ಕೇಳದೆ ಮೆಟ್ಟಬಾರದು ಎಂಬುದು ಅದರ ಅರ್ಥ.

ಮೊದಲ ದಿನ ಕುಮುದಿನಿಯೇ ಅದನ್ನು ದೇವೀರಿಗೆ ಹೇಳಿಕೊಟ್ಟಳು.

ದೇವೀರಿ ಬಗ್ಗಿ ನೆಲ ಮುಟ್ಟಿದಳು. ಬಗ್ಗಿದವಳು ಏಳಲಿಲ್ಲ.

"ಏಳು, ಆಯ್ತು" ಎಂದಳು ಕುಮುದಿನಿ.

"ಅಕ್ಕಾ, ಭೂಮ್ತಾಯಿ ಬ್ಯಾಡ ಅಂದ್ರೆ ಏನ್ ಮಾಡಾದು?"

ಮಕ್ಕಳೆಲ್ಲ ನಕ್ಕರು. ಕುಮುದಿನಿಯೂ ನಕ್ಕಳು.

"ಅವಳು ಯಾವತ್ತಾದರೂ ಬೇಡ ಅಂದಿದ್ದಾಳೇನೇ?"

"ನಂಗೇನ್ ಗೊತ್ತು. ನೀವು ಕಾದು ಕೇಳಿದೀರಾ?"

ಪೀಠದ ಮೇಲಿನಿಂದ ತಿರುಮಲಮ್ಮ ಹೇಳಿದರು: "ಹೂಂ."

ಕುಮುದಿನಿಯ ನಗು ಬಾಯಲ್ಲೇ ನಿಂತಿತು.

ಇನ್ನೂ ಒಂದು ಹೆಜ್ಜೆ ಎತ್ತಿಟ್ಟಿಲ್ಲ. ಗೆಜ್ಜೆ ಕಟ್ಟಿಲ್ಲ. ಬಂದು ಅರ್ಧ ಗಳಿಗೆಯಾಗಿಲ್ಲ. ಒಂದು ತಲೆಹರಟೆ ಪ್ರಶ್ನೆಗೆ ಹೂಂ.

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಒಂದು ವರ್ಷ ಕಳೆಯಿತು. ದೇವೀರಿಗೆ ಹೆಜ್ಜೆ ಬೇಗ ಹತ್ತಿತು. ತಿರುಗುವ ದೋಣಿಯಲ್ಲಿ ನಿಂತು ಅಭ್ಯಾಸವಾದವಳಿಗೆ ನಿಂತ ನೆಲ ಯಾವ ಲೆಕ್ಕ. ಕುಮುದಿನಿ ಮೂರು ವರ್ಷ ಬೆವರು ಹರಿಸಿ ಕಲಿತ ತಿರುಗುಹೆಜ್ಜೆಯನ್ನು ಅವಳು ಒಂದು ಮಳೆಗಾಲದಲ್ಲಿ ಕಲಿತಳು.

ಅಲ್ಲಿಗೆ ದೇವೀರಿಗೆ ಮೂರು ಹೂಂ ಆದವು. ಎಣಿಸುತ್ತಿದ್ದವಳು ಕುಮುದಿನಿ. ದೇವೀರಿಗೆ ಎಣಿಸಬೇಕೆಂಬುದೇ ತಿಳಿದಿರಲಿಲ್ಲ.

ಹೊಟ್ಟೆಕಿಚ್ಚು ತನ್ನ ಹೆಸರನ್ನು ತಾನೇ ಹೇಳಿಕೊಂಡು ಬರುವುದಿಲ್ಲ. ಶಿಸ್ತು ಎಂದು ಹೇಳಿಕೊಂಡು ಬರುತ್ತದೆ, ಕಾಳಜಿ ಎಂದು ಹೇಳಿಕೊಂಡು ಬರುತ್ತದೆ. ಕುಮುದಿನಿ ತನ್ನ ಮನಸ್ಸಿಗೆ ಹೇಳಿಕೊಂಡದ್ದೂ ಅದನ್ನೇ: ಹುಡುಗಿಗೆ ಸುಲಭವಾಗಿ ಸಿಗುತ್ತಿದೆ, ಸುಲಭವಾಗಿ ಸಿಕ್ಕಿದ್ದು ನಿಲ್ಲುವುದಿಲ್ಲ, ಅವಳ ಒಳ್ಳೆಯದಕ್ಕೇ ಸ್ವಲ್ಪ ಬಿಗಿ ಮಾಡಬೇಕು.

ಒಂದು ದಿನ ಕೈಮುದ್ರೆಗಳ ಪಾಠ. ಒಂದು ಅಂಗೈಯನ್ನು ಇನ್ನೊಂದು ಕೈಯ ಬೆನ್ನ ಮೇಲಿಟ್ಟು ಹೆಬ್ಬೆರಳು ಆಡಿಸಿದರೆ ಮೀನಿನ ಮುದ್ರೆ. ದೇವೀರಿಯ ಕೈಯಲ್ಲಿ ಅದು ನಿಜವಾದ ಮೀನಿನ ಹಾಗೆ ಈಜಿತು. ಅಮ್ಮ ಆಗ ಒಳಗೆ ಹೋಗಿದ್ದರು.

"ಮೀನು ಹಿಡಿಯೋ ಕೈಗೆ ಮೀನಿನ ಮುದ್ರೆ ಬಾರದೆ ಇರುತ್ತಾ" ಎಂದಳು ಕುಮುದಿನಿ, ಎಲ್ಲರಿಗೂ ಕೇಳುವ ಹಾಗೆ.

ಮಕ್ಕಳು ನಕ್ಕರು. ದೇವೀರಿಯೂ ನಕ್ಕಳು, ಹೊಗಳಿಕೆ ಅಂದುಕೊಂಡು. ಆಮೇಲೆ ಉಳಿದವರ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು.

ಶ್ರಾವಣ ಹತ್ತಿರವಾಗುತ್ತಿದ್ದಾಗ ತಿರುಮಲಮ್ಮ ಕುಮುದಿನಿಯನ್ನು ಕರೆದರು.

"ಅಣ್ಣನ ಮಗಳ ಬಾಣಂತನ. ಒಂದೂವರೆ ತಿಂಗಳು ಮೇಲುಕೋಟೆಯಲ್ಲಿ ಇರ್ತೀನಿ. ಕೋಲು ನೀನು ಹಿಡಿ."

ಕುಮುದಿನಿ ಒಂದು ಹೆಜ್ಜೆ ಮುಂದೆ ಬಂದಳು.

"ನೀವು ಬಂದ ಮೇಲೆ?"

"ವಿಜಯದಶಮಿಗೆ ಯಾರಿಗಾದರೂ ಕೊಟ್ಟುಬಿಡಬೇಕು ಅಂತಿದ್ದೀನಿ. ಮುಂಗೈ ಸೋತಿದೆ."

"ಯಾರಿಗೆ, ಅಮ್ಮ?"

ತಿರುಮಲಮ್ಮ ಬಟ್ಟೆ ಗಂಟು ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಎಂಟು ಮಕ್ಕಳಿದ್ದಾರೆ. ಬಂದಾಗ ಎಂಟನ್ನೂ ನನಗೆ ಒಪ್ಪಿಸು. ಆಮೇಲೆ ಮಾತು."

ಕುಮುದಿನಿ ಅದನ್ನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಳು. ಎಂಟು ಮಕ್ಕಳನ್ನೂ ತಿದ್ದಿ ತೀಡಿ ತೋರಿಸಬೇಕು. ತೋರಿಸಿದರೆ ಕೋಲು ತನ್ನದು. ಇಲ್ಲದಿದ್ದರೆ ಇವತ್ತಲ್ಲ ನಾಳೆ ಆ ಹರಿಗೋಲಿನ ಹುಡುಗಿಯದು.

ಅಮ್ಮ ಹೊರಟ ಗಾಡಿ ತಿರುವು ದಾಟಿದ ಮೇಲೆ ಅವಳು ಮಡಕೆಯನ್ನು ಎತ್ತಿ ಹೊರಗಿಟ್ಟಳು. ಪಾಠದ ನಡುವೆ ಎದ್ದು ಹೋದರೆ ಏಕಾಗ್ರತೆ ಕೆಡುತ್ತದೆ ಎಂದಳು.

ಇನ್ನೊಂದನ್ನೂ ಬಿಟ್ಟಳು. ಪಾಠ ಮುಗಿದ ಮೇಲೆ ತಿರುಮಲಮ್ಮ ಪ್ರತಿ ಮಗುವನ್ನೂ "ಎಲ್ಲಿ ನೋಯುತ್ತೆ?" ಎಂದು ಕೇಳುತ್ತಿದ್ದರು. ಮಕ್ಕಳು ಪೈಪೋಟಿಯ ಮೇಲೆ ಹೇಳುವರು. ಒಬ್ಬಳಿಗೆ ಹಿಮ್ಮಡಿ, ಒಬ್ಬಳಿಗೆ ಸೊಂಟ, ಒಬ್ಬಳಿಗೆ ಏನೂ ಇಲ್ಲದಿದ್ದರೂ ಕಿರುಬೆರಳು. ಅದಕ್ಕೆ ಕಾಲು ಗಳಿಗೆ ಹಿಡಿಯುತ್ತಿತ್ತು. ಕುಮುದಿನಿಗೆ ಅದು ಕಾಲಹರಣವಾಗಿ ಕಂಡಿತು.

ಅರೆಮಂಡಿಯ ಪಾಠ ಶುರುವಾಯಿತು. ಅರೆಮಂಡಿಯೆಂದರೆ ಹಿಮ್ಮಡಿ ಕೂಡಿಸಿ, ಮಂಡಿಗಳನ್ನು ಎರಡು ಪಕ್ಕಕ್ಕೆ ಬಾಗಿಸಿ ಅರ್ಧ ಕೂತ ನಿಲುವು. ನಾಟ್ಯವೆಲ್ಲ ಅದರ ಮೇಲೇ ನಿಂತಿರುವುದು. ನೋಡುವುದಕ್ಕೆ ಚೆಂದ. ಆದರೆ ಎಲುಬು ಬಲಿಯದ ಮಕ್ಕಳಿಗೆ ಅದನ್ನು ನಿಧಾನವಾಗಿ ತರಬೇಕು.

"ನೂರು ಎಣಿಸೋವರೆಗೂ ಯಾರೂ ಏಳಬಾರದು" ಎಂದಳು ಕುಮುದಿನಿ.

ಐವತ್ತಕ್ಕೆ ಉಳಿದವರು ಎದ್ದರು. ಅವರಿಗೆ ಬೈಗುಳ ಬಿತ್ತು, ಅಷ್ಟೆ. ದೇವೀರಿ ಎದ್ದಾಗ ಕುಮುದಿನಿ ಕೋಲಿನಿಂದ ಅವಳ ಮೊಣಕಾಲ ಕೆಳಗೆ ತಟ್ಟಿದಳು.

"ನಿನಗೆ ಇನ್ನೂರು."

"ಅಕ್ಕಾ, ನೀರು."

"ನಾನು ಕುಡಿದೆನಾ?"

ದಿನವೂ ಹೀಗೇ. ದೇವೀರಿ ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದರೆ ಕಲೆ ಬಾರದು ಎಂದು ಕುಮುದಿನಿಯೇ ಹೇಳಿದ್ದಳು. ಮಕ್ಕಳು ಅಂಥ ಮಾತನ್ನು ನಂಬುತ್ತಾರೆ.

ಐದನೆಯ ವಾರ ಒಂದು ಬೆಳಿಗ್ಗೆ. ದೇವೀರಿ ಅರೆಮಂಡಿಯಲ್ಲಿ ಕೂತಿದ್ದಳು. ಬೆನ್ನು ನೆಟ್ಟಗಿತ್ತು. ಮಂಡಿ ತೆರೆದಿತ್ತು. ನಿಜ ಹೇಳಬೇಕೆಂದರೆ ಅದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ತಾನು ಹನ್ನೊಂದು ವರ್ಷ ಕೂತರೂ ಹೀಗೆ ಕೂತಿಲ್ಲ ಎಂದು ಕುಮುದಿನಿಗೆ ಅನ್ನಿಸಿತು.

ಅವಳು ದೇವೀರಿಯ ಹಿಂದೆ ಹೋಗಿ ಎರಡೂ ಕೈಗಳನ್ನು ಅವಳ ಭುಜದ ಮೇಲಿಟ್ಟಳು.

"ಇನ್ನೂ ಕೆಳಗೆ."

ಒತ್ತಿದಳು.

ಒಣಗಿದ ಪುಳ್ಳೆ ಮುರಿದ ಹಾಗೆ ಒಂದು ಸಣ್ಣ ಸದ್ದಾಯಿತು. ದೇವೀರಿ ಕೂಗಲಿಲ್ಲ. ಪಕ್ಕಕ್ಕೆ ವಾಲಿ ಕೈ ಊರಿದಳು. ಕಂಬ ಹಿಡಿದು ಎದ್ದಳು. ಎದ್ದು, ಅಭ್ಯಾಸದಿಂದ, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದಳು. ಬಗ್ಗಲು ಆಗಲಿಲ್ಲ. ಹಾಗೇ ಕುಂಟುತ್ತ ನದಿಯ ಕಡೆಗೆ ಹೋದಳು.

ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

"ಕಲೆ ಎಲ್ಲರಿಗೂ ದಕ್ಕಲ್ಲ" ಎಂದಳು ಕುಮುದಿನಿ ಉಳಿದ ಮಕ್ಕಳಿಗೆ.

ಆ ದಿನ ಅವಳಿಗೆ ಹಸಿವು ಚೆನ್ನಾಗಿ ಆಯಿತು. ಎರಡನೆಯ ಸಲ ಅನ್ನ ಬಡಿಸಿಕೊಂಡಳು. ಇದನ್ನು ಬಿಡದೆ ಹೇಳಬೇಕು. ಯಾಕೆಂದರೆ ಅವಳಿಗೆ ಮುಂದೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆ ಎರಡನೆಯ ಅನ್ನಕ್ಕೆ.

ತಿರುಮಲಮ್ಮ ಹಿಂದಿರುಗಿದರು.

ಕುಮುದಿನಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೋಲು ತಟ್ಟಿದಳು. ಏಳು ಜೊತೆ ಕಾಲು ಒಂದೇ ಕಾಲಿನ ಹಾಗೆ ಎದ್ದು ಬಿದ್ದವು. ಯಾರೂ ನಗಲಿಲ್ಲ, ಯಾರೂ ಅತ್ತಿತ್ತ ನೋಡಲಿಲ್ಲ.

ತಿರುಮಲಮ್ಮ ಕೊನೆಯವರೆಗೆ ನೋಡಿದರು. ಕುಮುದಿನಿ ಐದನೆಯ ಹೂಂಗೆ ಕಾದಳು.

"ಮಡಕೆ ಎಲ್ಲಿ?"

"ಹೊರಗಿಟ್ಟಿದ್ದೀನಿ, ಅಮ್ಮ. ನಡುನಡುವೆ ಎದ್ದು ಹೋಗ್ತಾರೆ."

"ದೇವೀರಿ ಎಲ್ಲಿ?"

"ಬಿಟ್ಟಳು. ಕಷ್ಟವಾಯ್ತು."

"ಯಾರಿಗೆ?"

ಕುಮುದಿನಿ ಕೋಲನ್ನು ಮಣೆಯ ಮೇಲಿಟ್ಟಳು.

ತಿರುಮಲಮ್ಮ ಮಕ್ಕಳ ಕಡೆ ತಿರುಗಿದರು. "ಎಲ್ಲಿ ನೋಯುತ್ತೆ, ಹೇಳಿ."

ಮೊದಲಾಗಿದ್ದರೆ ಚಾವಡಿ ಕಿತ್ತುಹೋಗುವಷ್ಟು ಗಲಾಟೆ. ಈಗ ಯಾರೂ ಬಾಯಿ ಬಿಡಲಿಲ್ಲ. ರುಕ್ಕು ಎಂಬ ಹುಡುಗಿ ಕುಮುದಿನಿಯ ಮುಖ ನೋಡಿದಳು. ನೋಡಿ, ಆಮೇಲೆ ಹೇಳಿದಳು:

"ಎಲ್ಲೂ ಇಲ್ಲ, ಅಮ್ಮ."

ತಿರುಮಲಮ್ಮ ಎದ್ದು ಒಳಗೆ ಹೋದರು.

ಮಧ್ಯಾಹ್ನ ಊಟವಾದ ಮೇಲೆ ಕುಮುದಿನಿಯನ್ನು ಕರೆದರು. "ಬಾ. ಒಂದು ನಾಟ್ಯ ನೋಡೋಣ."

"ಎಲ್ಲಿ, ಅಮ್ಮ?"

"ಹಿತ್ತಲಲ್ಲಿ. ಮಾತಾಡಬೇಡ."

ಹಿತ್ತಲಲ್ಲಿ ಒಂದು ಹೊಂಗೆ ಮರ. ಅದರ ನೆರಳಲ್ಲಿ ಮಕ್ಕಳು ಪಾಠದಾಟ ಆಡುತ್ತಿದ್ದರು. ಎಲ್ಲ ಊರಿನ ಎಲ್ಲ ಮಕ್ಕಳೂ ಈ ಆಟ ಆಡುತ್ತಾರೆ. ಒಬ್ಬರು ಗುರು, ಉಳಿದವರು ಶಿಷ್ಯರು. ಇಬ್ಬರೂ ಬಾಗಿಲ ಸಂದಿಯಲ್ಲಿ ನಿಂತರು.

ಅಲ್ಲಿ ಜಗಳ ನಡೆಯುತ್ತಿತ್ತು.

"ನಾನು ದೇವೀರಿ ಆಗಲ್ಲ. ನಿನ್ನೆ ನಾನೇ ಆಗಿದ್ದೆ."

"ಮೊನ್ನೆ ನಾನು."

"ಪುಟ್ಟಿ ಆಗಲಿ. ಪುಟ್ಟಿ, ನೀನೇ ದೇವೀರಿ. ಆಗದಿದ್ರೆ ಆಟಕ್ಕಿಲ್ಲ."

ಪುಟ್ಟಿ ಎಂಬ ಆರು ವರ್ಷದ ಮಗು ಮುಖ ಊದಿಸಿಕೊಂಡು ಬಂದು ಅರೆಮಂಡಿಯಲ್ಲಿ ಕೂತಿತು. ರುಕ್ಕು ಸೆರಗಿನಂತೆ ಟವೆಲ್ಲು ಸಿಕ್ಕಿಸಿಕೊಂಡು, ಕೈಯಲ್ಲಿ ಒಂದು ಕಡ್ಡಿ ಹಿಡಿದು, ಗಲ್ಲ ಎತ್ತಿ ನಡೆದಳು. ನಡಿಗೆ ಕುಮುದಿನಿಯದೇ. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಇನ್ನೂ ಕೆಳಗೆ."

"ಅಕ್ಕಾ, ನೀರು" ಎಂದಿತು ಪುಟ್ಟಿ.

"ನಾನು ಕುಡಿದೆನಾ? ಮೀನು ಹಿಡಿಯೋ ಕೈಗೆ ನೀರೊಂದು ಕೇಡು."

ರುಕ್ಕು ಪುಟ್ಟಿಯ ಹಿಂದೆ ಹೋಗಿ ಭುಜದ ಮೇಲೆ ಎರಡು ಕೈ ಇಟ್ಟು ಒತ್ತಿದಳು. ಪಕ್ಕದಲ್ಲಿದ್ದವಳು ನಾಲಿಗೆಯಿಂದ ಟಕ್ ಎಂದು ಸದ್ದು ಮಾಡಿದಳು. ಪುಟ್ಟಿ ವಾಲಿ, ಎದ್ದು, ಕುಂಟುತ್ತ ಮರಕ್ಕೆ ಒಂದು ಸುತ್ತು ಬಂದಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕುಮುದಿನಿ ಬಾಗಿಲು ನೂಕಲು ಹೋದಳು. ತಿರುಮಲಮ್ಮ ಅಡ್ಡಲಾಗಿ ಕೈ ಚಾಚಿದರು.

"ಬೈಬೇಡ. ಹೇಳಿಕೊಟ್ಟಿದ್ದನ್ನ ಚೆನ್ನಾಗಿ ಕಲಿತಿದ್ದಾರೆ."

ಇಬ್ಬರೂ ಚಾವಡಿಗೆ ಬಂದರು. ತಿರುಮಲಮ್ಮ ಪೀಠದ ಮೇಲೆ ಕೂತರು. ಕುಮುದಿನಿ ಕಂಬಕ್ಕೆ ಒರಗಿ ನಿಂತಳು. ಅಲ್ಲಿಂದಲೇ ಹೇಳಿದಳು:

"ಎಲ್ಲರೂ ಹೀಗೇ ಕಲಿತದ್ದಲ್ವಾ, ಅಮ್ಮ? ಹಿಂದಿನವರು ಏಟು ತಿನ್ನದೆ ಕಲಿತರಾ? ನೀವು ಕಲಿತಿದ್ದು ಹೇಗೆ?"

ತಿರುಮಲಮ್ಮ ಸೀರೆಯ ಅಂಚನ್ನು ಮೊಣಕಾಲಿನವರೆಗೆ ಎತ್ತಿದರು. ಎಡ ಮಂಡಿಯ ಚಿಪ್ಪು ಇರಬೇಕಾದ ಜಾಗದಿಂದ ಪಕ್ಕಕ್ಕೆ ಜರುಗಿತ್ತು. ಹನ್ನೊಂದು ವರ್ಷದಲ್ಲಿ ಕುಮುದಿನಿ ಅದನ್ನು ನೋಡಿರಲಿಲ್ಲ.

"ನಿನ್ನ ಹಾಗೇ ಕಲಿಸಿದರು. ಚೆನ್ನಾಗಿ ಕಲಿತೆ. ಹನ್ನೆರಡು ವರ್ಷ ಕುಣಿದೆ. ಮೂವತ್ತು ವರ್ಷದಿಂದ ಇಲ್ಲಿ ಕೂತಿದ್ದೀನಿ."

ಕುಮುದಿನಿ ಕಣ್ಣು ತಗ್ಗಿಸಿದಳು. ಆ ಪೀಠವನ್ನು ಅವಳು ಎಷ್ಟು ಸಲ ಒರೆಸಿದ್ದಳು. ಒರೆಸುವಾಗಲೆಲ್ಲ ಒಂದು ದಿನ ತಾನೂ ಇದರ ಮೇಲೆ ಕೂರಬೇಕು ಎಂದುಕೊಂಡಿದ್ದಳು.

"ಅಮ್ಮ, ಶಿಸ್ತಿಗಾಗಿ ಅಲ್ಲ ನಾನು ಒತ್ತಿದ್ದು."

"ಮತ್ತೆ?"

"ಅವಳಿಗೆ ಮೊದಲ ದಿನವೇ ಹೂಂ ಅಂದಿರಿ. ನನಗೆ ಹನ್ನೊಂದು ವರ್ಷದಲ್ಲಿ ನಾಲ್ಕು."

"ಎಣಿಸಿದ್ದೀಯಾ?"

"ಎಣಿಸಿದ್ದೀನಿ."

ತಿರುಮಲಮ್ಮ ಕೋಲನ್ನು ಬೆರಳುಗಳಲ್ಲಿ ತಿರುಗಿಸಿದರು.

"ನೀನು ಸರಿಯಾಗಿ ಮಾಡಿದ್ದು ಬರೀ ನಾಲ್ಕು ಸಲ ಅಲ್ಲ ಕಣೇ. ನನಗೆ ಬಾಯಿ ಬರಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ, ಅದೇ ಅಭ್ಯಾಸವಾಯ್ತು. ಅದು ನನ್ನ ತಪ್ಪು."

ಗುರು ತಪ್ಪು ಎಂದದ್ದನ್ನು ಕುಮುದಿನಿ ಅದೇ ಮೊದಲು ಕೇಳಿದ್ದು. ಅವಳಿಗೆ ಅಳು ಬಂತು. ತಾನು ಕ್ಷಮೆಗೆ ಹತ್ತಿರ ಬಂದೆ ಎಂದುಕೊಂಡಳು.

"ಆದರೆ ನನ್ನ ತಪ್ಪಿನ ಪೆಟ್ಟು ಬಿದ್ದದ್ದು ಅವಳ ಮಂಡಿಗೆ" ಎಂದರು ತಿರುಮಲಮ್ಮ. "ಎಂಟು ಅಂದಿದ್ದೆ. ಏಳು ಇದ್ದಾರೆ."

ಕುಮುದಿನಿ ಕಣ್ಣೊರೆಸಿಕೊಂಡು ನದಿಯ ಕಡೆಗೆ ಹೊರಟಳು.

ದೇವೀರಿಯ ಅಪ್ಪನೇ ಹರಿಗೋಲು ಹಾಕಿದ. ಹುಟ್ಟು ಮೀಟುವಾಗ ಅವಳ ಕಡೆ ಬೆನ್ನು ಮಾಡಿಕೊಂಡಿದ್ದ. ಹರಿಗೋಲು ತಿರುಗಿತು. ಕುಮುದಿನಿ ಎರಡೂ ಕೈಗಳಿಂದ ಅಂಚು ಹಿಡಿದು ಕೂತಳು. ಇದರಲ್ಲಿ ನಿಂತು ಬರುತ್ತಿದ್ದಳಲ್ಲ ಆ ಹುಡುಗಿ ಎಂದು ನೆನೆದಾಗ ಹೊಟ್ಟೆಯೊಳಗಿನ ಹಳೆಯ ಕೆಂಡ ಮತ್ತೆ ಕೆಂಪಾಯಿತು. ಬುದ್ಧಿ ಬಂದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುವುದಿಲ್ಲ. ಅದಕ್ಕೆ ಬೇರೆಯೇ ಸಮಯ ಬೇಕು.

ಗುಡಿಸಲ ಮುಂದೆ ದೇವೀರಿಯ ತಾಯಿ ಸಾಕವ್ವ ಬಲೆ ಹೊಲಿಯುತ್ತಿದ್ದಳು. ತಲೆ ಎತ್ತಿ ನೋಡಿದಳು.

"ಏನವ್ವ, ಇನ್ನೊಂದ್ ಕಾಲು ಉಳಿದದೆ ಅಂತ ಬಂದ್ರಾ?"

"ತಪ್ಪಾಯ್ತು ಅಂತ ಹೇಳೋಕೆ ಬಂದೆ, ಸಾಕವ್ವ."

"ನನ್ ತಾವ್ಯಾಕೆ ಹೇಳೀರಿ. ಕಾಲು ಅವಳ್ದು. ಒಳಗವಳೆ."

ಸಾಕವ್ವ ಮತ್ತೆ ಬಲೆಗೆ ಬಗ್ಗಿದಳು.

ದೇವೀರಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಮಂಡಿಗೆ ಸೊಪ್ಪಿನ ಕಟ್ಟು ಹಾಕಿತ್ತು. ಕುಮುದಿನಿಯನ್ನು ಕಂಡು ಏಳಲು ಹೋದಳು.

"ಏಳಬೇಡ" ಎಂದಳು ಕುಮುದಿನಿ. ಎದುರಿಗೆ ನೆಲದ ಮೇಲೆ ಕೂತಳು. "ನಿನ್ನ ಅರೆಮಂಡಿ ಸರಿಯಾಗಿತ್ತು ಕಣೇ. ನಾನು ಬೇಕಂತಲೇ ಒತ್ತಿದೆ. ನನಗೆ ಹೊಟ್ಟೆಕಿಚ್ಚು."

ದೇವೀರಿ ಕಣ್ಣರಳಿಸಿದಳು. "ನನ್ ಮ್ಯಾಲಾ?"

"ನಿನ್ನ ಮೇಲೇ."

"ಯಾಕೆ?"

"ಮೊದಲ ದಿನವೇ ಅಮ್ಮ ನಿನಗೆ ಹೂಂ ಅಂದರು."

ದೇವೀರಿ ನೆನಪು ಮಾಡಿಕೊಂಡಳು. "ಅದಾ? ಅಮ್ಮಂಗೆ ಗಂಟಲು ಕಟ್ಕಂಡದೆ ಅಂದ್ಕಂಡಿದ್ದೆ."

ಕುಮುದಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ವರ್ಷ ತಾನು ಉರಿದದ್ದು ಯಾವುದಕ್ಕೋ, ಅದು ಈ ಮಗುವಿನ ಕೈಗೆ ತಲುಪಿಯೇ ಇರಲಿಲ್ಲ.

"ತುಂಬ ನೋಯುತ್ತಾ?" ಎಂದು ಮಂಡಿಯ ಕಡೆಗೆ ಕೈ ಚಾಚಿದಳು.

ದೇವೀರಿ ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

"ಮುಟ್ಟಬ್ಯಾಡಿ, ಅಕ್ಕಾ."

ಕುಮುದಿನಿಯ ಕೈ ಗಾಳಿಯಲ್ಲಿ ನಿಂತಿತು. ಅದನ್ನು ತಂದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಆ ಕೈಯನ್ನು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದಳು.

ತಿರುಮಲಮ್ಮ ಈಚೆ ದಡದಲ್ಲಿಯೇ ನಿಂತಿದ್ದರು.

"ಬರ್ತಾಳಂತಾ?"

"ಕೇಳಲಿಲ್ಲ, ಅಮ್ಮ. ಕೇಳೋಕೆ ಬಾಯಿ ಬರಲಿಲ್ಲ. ಮಂಡಿ ನೋಡೋಣ ಅಂದರೆ ಮುಟ್ಟಬೇಡ ಅಂದಳು."

"ಮುಟ್ಟಿದೆಯಾ?"

"ಇಲ್ಲ."

"ನಾಳೆಯೂ ಹೋಗು."

ಕುಮುದಿನಿ ಮರುದಿನ ಹೋದಳು. ಅದರ ಮರುದಿನವೂ ಹೋದಳು. ಕ್ಷಮೆಯ ಮಾತು ಮತ್ತೆ ಎತ್ತಲಿಲ್ಲ. ಒಂದೇ ಪ್ರಶ್ನೆ ಕೇಳುವಳು: "ಎಲ್ಲಿ ನೋಯುತ್ತೆ?" ದೇವೀರಿ ಹೇಳುವಳು. ಕುಮುದಿನಿ ಕೇಳುವಳು. ಕೆಲವು ದಿನ ದೇವೀರಿ ಹೇಳುತ್ತಿರಲಿಲ್ಲ. ಆಗ ಸಾಕವ್ವನ ಬಲೆಗೆ ದಾರ ಸುತ್ತಿಕೊಟ್ಟು ಬರುವಳು. ಮಡಕೆ ಮೂಲೆಗೆ ಹಿಂದಿರುಗಿತ್ತು. ಪಾಠ ಮುಗಿದ ಮೇಲೆ ಮಕ್ಕಳ ನೋವು ಕೇಳುವುದೂ ಶುರುವಾಗಿತ್ತು. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೆಯ ವಾರ ಪುಟ್ಟಿ ತನ್ನ ಕಿರುಬೆರಳು ತೋರಿಸಿತು.

ವಿಜಯದಶಮಿ ಬಂತು.

ಬೆಳಿಗ್ಗೆ ಹರಿಗೋಲಿನಲ್ಲಿ ದೇವೀರಿ ಬಂದಳು. ಈ ಸಲ ಕೂತುಕೊಂಡು ಬಂದಳು. ಕೋಲೂರಿ ಚಾವಡಿಯ ಕಂಬದ ಹತ್ತಿರ ಕಾಲು ಚಾಚಿ ಕೂತಳು. ಯಾರೂ ಕರೆದಿರಲಿಲ್ಲ. ನೋಡಿ ಹೋಗೋಣ ಅಂತ ಬಂದೆ ಎಂದಳು.

ತಿರುಮಲಮ್ಮ ಮಕ್ಕಳನ್ನು ಎಣಿಸಿದರು. ಎಂಟು.

ತಾಳದ ಕೋಲಿಗೆ ಅರಿಶಿನ ಕುಂಕುಮ ಹಚ್ಚಿ ಕುಮುದಿನಿಯ ಕೈಯಲ್ಲಿಟ್ಟರು. "ಇವತ್ತಿನಿಂದ ಪಾಠ ನಿನ್ನದು."

ಹನ್ನೊಂದು ವರ್ಷ ಕಾದದ್ದು ಇದಕ್ಕೆ. ಕುಮುದಿನಿ ಕೋಲು ಹಿಡಿದು ಮಣೆಯ ಕಡೆಗೆ ನಡೆದಳು. ನಡೆಯುವಾಗ ಕಣ್ಣು ಕಂಬದ ಕಡೆ ಹೋಯಿತು. ದೇವೀರಿ ತನ್ನ ತೊಡೆಯ ಮೇಲೆ ಬೆರಳುಗಳಿಂದ ತಾಳ ಹಾಕುತ್ತಿದ್ದಳು. ತಾಳ ಒಂದು ಕೂದಲೆಳೆಯೂ ಜಾರದೆ ಹೊರಟಿತ್ತು. ಕೈಗೂ ಬಂದಿತ್ತು ಅವಳಿಗೆ.

ಕೆಂಡ ಮತ್ತೆ ಕೆಂಪಾಯಿತು.

ಕುಮುದಿನಿ ನಿಂತಳು. ಕೋಲನ್ನು ಒಂದು ಸಲ ಬಿಗಿಯಾಗಿ ಹಿಡಿದಳು. ಆಮೇಲೆ ಕಂಬದ ಹತ್ತಿರ ಹೋಗಿ, ಮಣೆಯನ್ನು ದೇವೀರಿಯ ಮುಂದಿಟ್ಟು, ಕೋಲನ್ನು ಅವಳ ಕೈಗೆ ಕೊಟ್ಟಳು.

"ನಿನ್ನ ಕಾಲು ಏಳೋವರೆಗೂ ತಾಳ ನಿನ್ನದು. ತಟ್ಟು."

"ನೀವು, ಅಕ್ಕಾ?"

"ನಾನು ಕುಣೀತೀನಿ."

ದೇವೀರಿ ತಟ್ಟಿದಳು. ಕುಮುದಿನಿ ಏಳು ಮಕ್ಕಳ ನಡುವೆ ನಿಂತು, ನೆಲ ಮುಟ್ಟಿ, ಹೆಜ್ಜೆ ಹಾಕಿದಳು. ಐವತ್ತು ತಾಳಕ್ಕೆ ನಿಂತು ಎಲ್ಲರೂ ನೀರು ಕುಡಿದರು. ಪುಟ್ಟಿ ಎರಡು ಸಲ ಕುಡಿಯಿತು.

ಪಾಠ ಮುಗಿಯಿತು. ದೇವೀರಿ ಕೋಲನ್ನು ಮಣೆಯ ಮೇಲಿಟ್ಟು, ಕಂಬ ಹಿಡಿದು ಮೆಲ್ಲನೆ ಎದ್ದಳು.

"ಅಕ್ಕಾ, ಒಂದ್ ಸಲ ನಿಂತ್ ನೋಡ್ಲಾ? ಕಟ್ಟು ಹಾಕಿದ ವೈದ್ಯಪ್ಪ ಒಸಿ ಬಗ್ಗಬೋದು ಅಂದವ್ನೆ."

"ನಿನಗೆ ಎಷ್ಟು ಆಗುತ್ತೋ ಅಷ್ಟೇ."

ದೇವೀರಿ ಕಷ್ಟಪಟ್ಟು ಬಗ್ಗಿ ನೆಲ ಮುಟ್ಟಿದಳು. ಹಿಮ್ಮಡಿ ಕೂಡಿಸಿ ಸ್ವಲ್ಪವೇ ಸ್ವಲ್ಪ ಕೆಳಗಿಳಿದಳು. ಅರೆಮಂಡಿಯಲ್ಲಿ ಕಾಲುಭಾಗವೂ ಇಲ್ಲ. ನೋವಿಗೆ ಹೆದರಿ ಬೆನ್ನು ಮುಂದಕ್ಕೆ ವಾಲಿತು. ಬೆನ್ನು ಹಾಗೆ ವಾಲಿದರೆ ಭಾರವೆಲ್ಲ ಮಂಡಿಗೇ ಬೀಳುತ್ತದೆ.

ಕುಮುದಿನಿ ಅವಳ ಹಿಂದೆ ಹೋಗಿ ನಿಂತಳು. ಕೈ ತಾನಾಗಿ ಎದ್ದಿತು. ಭುಜಕ್ಕೆ ಒಂದು ಗೇಣು ದೂರದಲ್ಲಿ ಅದನ್ನು ತಡೆದಳು.

"ದೇವೀರಿ, ಬೆನ್ನು ವಾಲಿದೆ. ಮುಟ್ಟಿ ಹೇಳಲಾ?"

ಕುಮುದಿನಿ ಕಾದಳು. ಹೊರಗೆ ನದಿಯ ಸದ್ದು ಕೇಳುತ್ತಿತ್ತು.

"ಭುಜ ಬ್ಯಾಡ" ಎಂದಳು ದೇವೀರಿ ಕೊನೆಗೆ. "ಬೆನ್ನು ಆಗ್ಬೋದು."

ಕುಮುದಿನಿ ಎರಡೇ ಬೆರಳನ್ನು ಅವಳ ಬೆನ್ನ ನಡುವೆ ಇಟ್ಟಳು. ಒತ್ತಲಿಲ್ಲ. ಬೆನ್ನು ತಾನಾಗಿ ಬೆರಳನ್ನು ಹುಡುಕಿಕೊಂಡು ನೆಟ್ಟಗಾಯಿತು. ಬೆರಳು ತೆಗೆದಳು.

ಹಿಂದಿನಿಂದ, ಪೀಠದ ಮೇಲಿನಿಂದ, ದನಿ ಬಂತು. ಮೊದಲಾಗಿದ್ದರೆ ಕುಮುದಿನಿ ಅದು ಯಾರಿಗೆ ಬಂದದ್ದೆಂದು ತಿರುಗಿ ನೋಡುತ್ತಿದ್ದಳು. ಈಗ ಅವಳ ಕಣ್ಣು ಆ ಮಂಡಿಯ ಮೇಲೆಯೇ ಇತ್ತು.

"ಹೂಂ."